ಈಸ್ಟರ್ ಬಂತು, ಚಾಕೊಲೇಟ್ ಬೀರುವಿನ ಮೇಲೆ ಹೋಯ್ತು

ಪ್ರಶ್ನೆ: ಮೇಡಂ, ನಮಸ್ಕಾರ. ಈಸ್ಟರ್ ಹತ್ತಿರ ಬಂದಂತೆ ನನಗೆ ಖುಷಿಗಿಂತ ತಲೆನೋವೇ ಜಾಸ್ತಿ. ಹೋದ ವರ್ಷ ನನ್ನ 6 ವರ್ಷದ ಮಗ ಮೊಟ್ಟೆ ಹುಡುಕುವ ಆಟದಲ್ಲಿ ಸಿಕ್ಕ ಚಾಕೊಲೇಟನ್ನೇ ಬೆಳಗ್ಗೆಯಿಂದ ತಿಂದ. ಮಧ್ಯಾಹ್ನ ಊಟ ಮುಟ್ಟಲಿಲ್ಲ, ಸಂಜೆ ಪೂರ್ತಿ ಮನೆ ತಲೆಕೆಳಗು ಮಾಡಿದ, ರಾತ್ರಿ ಎರಡು ಗಂಟೆಗೆ ವಾಂತಿ. ನಮ್ಮ ಅತ್ತೆಗೆ 68 ವರ್ಷ, 12 ವರ್ಷದಿಂದ ಶುಗರ್ ಇದೆ. ಹಬ್ಬದೂಟ ಚೆನ್ನಾಗಿ ಮಾಡೋಣ ಅಂತ ಬೆಳಗ್ಗೆ ತಿಂಡಿ ಬಿಟ್ಟು ಬರೀ ಮಾತ್ರೆ ನುಂಗಿದರು. ಹನ್ನೊಂದರ ಹೊತ್ತಿಗೆ ಬೆವರು, ಕೈ ನಡುಕ. ಗಾಬರಿಯಲ್ಲಿ ಒಂದು ಚಾಕೊಲೇಟ್ ಮೊಟ್ಟೆ ತಿನ್ನಿಸಿದೆವು. ಸಂಜೆ ನೋಡಿದರೆ ಶುಗರ್ 310! 13 ವರ್ಷದ ಮಗಳಿಗೆ ನಾದಿನಿ ಎಲ್ಲರೆದುರು "ದಪ್ಪ ಆಗಿದ್ದೀಯಲ್ಲೇ" ಅಂದಿದ್ದರು, ಈ ಸಲ ಅವಳು ಹಬ್ಬದ ದಿನ ಏನೂ ತಿನ್ನಲ್ಲ ಅಂತಿದ್ದಾಳೆ. ಇನ್ನು ನಾನು, 40 ದಿನ ಕಟ್ಟುನಿಟ್ಟಾಗಿ ಉಪವಾಸ ಇದ್ದು ಭಾನುವಾರ ಒಂದೇ ದಿನ ಎಲ್ಲ ತಿಂದು ಸೋಮವಾರ ಕೊರಗುವವಳು. ಈ ಸಲ ಮನೆಗೆ ಚಾಕೊಲೇಟೇ ತರಬಾರದು, ತಂದರೂ ಡಾರ್ಕ್ ಅಥವಾ ಶುಗರ್‌ಫ್ರೀ ಮಾತ್ರ ಅಂತ ಯೋಚಿಸಿದ್ದೇನೆ. ಸರಿನಾ? ಬಣ್ಣ ಹಚ್ಚಿದ ಬೇಯಿಸಿದ ಮೊಟ್ಟೆ ಎಷ್ಟು ಹೊತ್ತು ಹೊರಗಿಡಬಹುದು ಅಂತಲೂ ಹೇಳಿ. ಮನೆಯಲ್ಲಿ ನಾಯಿಯೂ ಇದೆ.

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ನಿಂತಿದ್ದು ಮಗನ ವಾಂತಿಯ ಹತ್ತಿರ ಅಲ್ಲ, ಅತ್ತೆಯ ಬೆವರಿನ ಹತ್ತಿರ. ಅಲ್ಲಿಂದಲೇ ಶುರು ಮಾಡುತ್ತೇನೆ. ನೀವು ಬರೆದದ್ದರಲ್ಲಿ ನಿಜವಾಗಿ ಜೀವಕ್ಕೆ ಅಪಾಯ ತರಬಹುದಾಗಿದ್ದು ಅದೊಂದೇ.

ನೀವು ಆ ದಿನವನ್ನು 310 ಅನ್ನುವ ಸಂಖ್ಯೆಯಿಂದ ನೆನಪಿಟ್ಟುಕೊಂಡಿದ್ದೀರಿ. ಆದರೆ ತೊಂದರೆ ಶುರುವಾದದ್ದು ಶುಗರ್ ಏರಿದ್ದರಿಂದ ಅಲ್ಲ, ಇಳಿದಿದ್ದರಿಂದ. ಹನ್ನೊಂದು ಗಂಟೆಗೆ ಚೆಕ್ ಮಾಡಿದ ಹಾಗೆ ಕಾಣುವುದಿಲ್ಲ, ಆದರೂ ಖಾಲಿ ಹೊಟ್ಟೆ, ಮಾತ್ರೆ, ಬೆವರು, ನಡುಕ ಎಲ್ಲ ಒಟ್ಟಿಗೆ ಬಂದರೆ ಮೊದಲು ಅನುಮಾನಿಸಬೇಕಾದ್ದು ಲೋ ಶುಗರ್. ಶುಗರ್ ಮಾತ್ರೆಗಳೆಲ್ಲ ಒಂದೇ ಥರ ಅಲ್ಲ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರು ಒಂದು ಹೊತ್ತು ತಿಂಡಿ ಬಿಟ್ಟರೆ ಶುಗರ್ ತೀರಾ ಕೆಳಗೆ ಹೋಗುವುದು ಅಪರೂಪ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಥರದವು ಹಾಗಲ್ಲ, ಅವು ದೇಹದಿಂದ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತವೆ, ನೀವು ತಿಂದಿದ್ದೀರೋ ಇಲ್ಲವೋ ಅಂತ ಕೇಳುವುದಿಲ್ಲ. ಅತ್ತೆಯ ಮಾತ್ರೆ ಪಟ್ಟಿಯ ಹಿಂದೆ ಯಾವ ಹೆಸರಿದೆ ಅಂತ ಇವತ್ತೇ ನೋಡಿ. ಇನ್ಸುಲಿನ್ ತೆಗೆದುಕೊಳ್ಳುವವರಿಗೂ ಇದೇ ಮಾತು.

ಆಮೇಲೆ ಆ ಚಾಕೊಲೇಟ್. ಸಿಹಿ ಕೊಡಬೇಕು ಅಂತ ಹೊಳೆದದ್ದು ಸರಿಯೇ, ಆದರೆ ಕೈಗೆ ಸಿಕ್ಕ ಸಿಹಿ ಸರಿ ಇರಲಿಲ್ಲ. ಚಾಕೊಲೇಟ್‌ನಲ್ಲಿ ಸುಮಾರು ಮೂರನೇ ಒಂದು ಭಾಗ ಕೊಬ್ಬು. ಕೊಬ್ಬು ಇದ್ದರೆ ಹೊಟ್ಟೆ ನಿಧಾನಕ್ಕೆ ಖಾಲಿಯಾಗುತ್ತದೆ, ಒಳಗಿನ ಸಕ್ಕರೆ ರಕ್ತಕ್ಕೆ ತಡವಾಗಿ ಸೇರುತ್ತದೆ. ಲೋ ಶುಗರ್ ಆದವರಿಗೆ ಬೇಕಾದ್ದು ನಿಮಿಷಗಳಲ್ಲಿ ಕೆಲಸ ಮಾಡುವ ಸಕ್ಕರೆ: ಸುಮಾರು 15 ಗ್ರಾಂ ಗ್ಲೂಕೋಸ್ ಪುಡಿ, ಅದಿಲ್ಲದಿದ್ದರೆ ಮೂರು ಟೀ ಚಮಚ ಸಕ್ಕರೆ ಕದಡಿದ ನೀರು, ಅಥವಾ ಅರ್ಧ ಲೋಟಕ್ಕಿಂತ ಸ್ವಲ್ಪ ಜಾಸ್ತಿ ಹಣ್ಣಿನ ರಸ. 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಿ, 70ಕ್ಕಿಂತ ಕೆಳಗೇ ಇದ್ದರೆ ಇನ್ನೊಂದು ಸಲ ಅಷ್ಟೇ ಕೊಡಿ. ಸರಿಯಾದ ಮೇಲೆ ಒಂದು ಸಣ್ಣ ಊಟವೋ ತಿಂಡಿಯೋ ಕೊಡಿ. ಪ್ರಜ್ಞೆ ಮಂಕಾಗಿದ್ದರೆ, ನುಂಗಲು ಆಗದಿದ್ದರೆ ಬಾಯಿಗೆ ಏನೂ ಹಾಕಬೇಡಿ, ನೇರ ಆಸ್ಪತ್ರೆಗೆ. ಸಂಜೆಯ 310ಕ್ಕೂ ದೊಡ್ಡ ರಹಸ್ಯವೇನಿಲ್ಲ. ಶುಗರ್ ಇಳಿದಾಗ ಲಿವರ್ ತನ್ನ ಹತ್ತಿರ ಇದ್ದ ಸಕ್ಕರೆಯನ್ನ ಹೊರಗೆ ಬಿಡುತ್ತದೆ, ಜೊತೆಗೆ ವಿಪರೀತ ಹಸಿವು, ಅದರ ಮೇಲೆ ತಡವಾಗಿ ಇಳಿದ ಚಾಕೊಲೇಟ್, ಅದರ ಮೇಲೆ ಹಬ್ಬದೂಟ.

ಹಾಗಾಗಿ ಅತ್ತೆಯ ವಿಷಯದಲ್ಲಿ ನನ್ನ ಮೊದಲ ಮಾತು ಚಾಕೊಲೇಟ್ ಬಗ್ಗೆಯೇ ಅಲ್ಲ. ಅವರು ಬೆಳಗ್ಗೆ ತಿಂಡಿ ತಿನ್ನಬೇಕು. ಹಬ್ಬದ ಪ್ರಾರ್ಥನೆ ಮುಗಿಸಿ ಬರುವುದು ತಡ ಆಗುತ್ತದೆ ಅಂದರೆ ಹೊರಡುವ ಮುಂಚೆಯೇ ತಿನ್ನಲಿ. ಮಾತ್ರೆಯ ಹೊತ್ತು, ಪ್ರಮಾಣ ಬದಲಿಸಬೇಕಾ ಅನ್ನುವುದನ್ನ ಅವರ ಡಾಕ್ಟರ್ ಹತ್ತಿರ ಹಬ್ಬಕ್ಕೆ ಮುಂಚೆ ಕೇಳಿ, ನೀವೇ ಅರ್ಧ ಮಾಡಬೇಡಿ. ಊಟದಲ್ಲಿ ತರಕಾರಿ ಮತ್ತು ಮಾಂಸವೋ ಮೊಟ್ಟೆಯೋ ಮೊದಲು ಹೋಗಲಿ, ಅನ್ನ ಅಥವಾ ಬ್ರೆಡ್ ಆಮೇಲೆ, ಸಿಹಿ ಕೊನೆಗೆ ಸ್ವಲ್ಪ. ಊಟ ಆದ ಮೇಲೆ ಒಂದು ಹತ್ತು ಹದಿನೈದು ನಿಮಿಷ ಮೊಮ್ಮಕ್ಕಳ ಜೊತೆ ನಿಧಾನಕ್ಕೆ ನಡೆದಾಡಲಿ. ಊಟದ ನಂತರ ಏರುವ ಶುಗರ್ ತಗ್ಗಿಸುವುದಕ್ಕೆ ಇದಕ್ಕಿಂತ ಸುಲಭದ ಉಪಾಯ ನನಗೆ ಗೊತ್ತಿಲ್ಲ. ಮೊಟ್ಟೆ ಹುಡುಕುವ ಆಟವನ್ನ ಬೆಳಗ್ಗೆ ಇಡುವ ಬದಲು ಊಟದ ನಂತರ ಇಟ್ಟರೆ ಅದೇ ನಡಿಗೆ ಆಯ್ತಲ್ವಾ.

ಆಟದ ಹೊತ್ತು ಬದಲಿಸುವುದರಿಂದ ಮಗನಿಗೂ ಲಾಭ ಇದೆ. ಹೋದ ಸಲ ಅವನ ಹೊಟ್ಟೆಗೆ ಬೆಳಗ್ಗೆಯಿಂದ ಹೋದದ್ದು ಸಕ್ಕರೆ ಮತ್ತು ಕೊಬ್ಬು ಮಾತ್ರ. ಊಟ ಬಿಟ್ಟು ಅಷ್ಟು ಕೊಬ್ಬು ತಿಂದು, ಓಡಾಡಿ, ತಡವಾಗಿ ಮಲಗಿದರೆ ಪುಟ್ಟ ಹೊಟ್ಟೆ ವಾಪಸ್ ಕಳಿಸುವುದರಲ್ಲಿ ಆಶ್ಚರ್ಯ ಇಲ್ಲ. ಒಂದೇ ಸಲ ವಾಂತಿಯಾಗಿ ಬೆಳಗ್ಗೆ ಸರಿಯಾಗಿದ್ದರೆ ಅದಕ್ಕೆ ಚಿಂತೆ ಬೇಡ. ಆದರೆ ತುಟಿ ಊದಿಕೊಳ್ಳುವುದು, ಮೈಮೇಲೆ ಗಂಧೆ ಏಳುವುದು, ಉಸಿರಾಡುವಾಗ ಸುಯ್‌ಗುಟ್ಟುವುದು ಇದ್ದರೆ ಅದು ಅಲರ್ಜಿ. ಚಾಕೊಲೇಟ್‌ನಲ್ಲಿ ಹಾಲು, ಬಾದಾಮಿ, ಕಡಲೆಕಾಯಿ ಎಲ್ಲ ಇರಬಹುದು. ಆಗ ಬೆಳಗಾಗುವ ತನಕ ಕಾಯಬಾರದು.

ಈಗ ಆ "ಮನೆ ತಲೆಕೆಳಗು" ವಿಷಯ. ಸಕ್ಕರೆ ತಿಂದರೆ ಮಕ್ಕಳು ಕುಣಿಯುತ್ತಾರೆ ಅನ್ನುವುದನ್ನ ನನ್ನ ಹತ್ತಿರ ಬರುವ ಹತ್ತು ತಾಯಂದಿರಲ್ಲಿ ಒಂಬತ್ತು ಜನ ನಂಬುತ್ತಾರೆ. ನಾನೂ ಓದುವಾಗ ನಂಬಿದ್ದೆ. ಆದರೆ ಯಾರಿಗೆ ಸಕ್ಕರೆ, ಯಾರಿಗೆ ಬರೀ ಸಿಹಿ ರುಚಿ ಅಂತ ಮಕ್ಕಳಿಗೂ ತಂದೆ ತಾಯಿಗೂ ನೋಡುವವರಿಗೂ ಗೊತ್ತಿಲ್ಲದ ಹಾಗೆ ಕೊಟ್ಟು ನೋಡಿದ 23 ಪ್ರಯೋಗಗಳನ್ನ 1995ರಲ್ಲಿ ಒಟ್ಟು ಹಾಕಿ ಲೆಕ್ಕ ಮಾಡಿದರು, ಮಕ್ಕಳ ನಡವಳಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದಕ್ಕಿಂತ ಒಂದು ವರ್ಷ ಹಿಂದಿನ ಇನ್ನೊಂದು ಪ್ರಯೋಗ ನನಗೆ ಇನ್ನೂ ಇಷ್ಟ. 5ರಿಂದ 7 ವರ್ಷದ ಗಂಡುಮಕ್ಕಳಿಗೆಲ್ಲ ಸಕ್ಕರೆ ಇಲ್ಲದ ಪಾನೀಯವನ್ನೇ ಕೊಟ್ಟರು, ಆದರೆ ಅರ್ಧ ತಾಯಂದಿರಿಗೆ "ನಿಮ್ಮ ಮಗನಿಗೆ ಜಾಸ್ತಿ ಸಕ್ಕರೆ ಕೊಟ್ಟಿದ್ದೇವೆ" ಅಂತ ಸುಳ್ಳು ಹೇಳಿದರು. ಆ ತಾಯಂದಿರಿಗೆ ಮಗ ಜಾಸ್ತಿ ಚೇಷ್ಟೆ ಮಾಡುತ್ತಿರುವ ಹಾಗೆ ಕಂಡಿತು, ಅವರು ಮಗನನ್ನ ಟೀಕೆ ಮಾಡಿದ್ದೂ ಜಾಸ್ತಿ, ಪಕ್ಕದಲ್ಲೇ ಸುಳಿದಾಡಿದ್ದೂ ಜಾಸ್ತಿ. ಕುಣಿದದ್ದು ಯಾರು ಅಂತ ನೀವೇ ಹೇಳಿ.

ಹಾಗಾದರೆ ನಿಮ್ಮ ಮಗ ಯಾಕೆ ಹಾಗಾಡಿದ? ಬೇಗ ಎದ್ದಿದ್ದಾನೆ, ಊಟ ಮಾಡಿಲ್ಲ, ಮಧ್ಯಾಹ್ನ ಮಲಗಿಲ್ಲ, ಮನೆ ತುಂಬ ಅಣ್ಣ ತಮ್ಮಂದಿರು, ದೊಡ್ಡವರ ಗಮನ ಎಲ್ಲೋ. ಚಾಕೊಲೇಟ್ ಇಲ್ಲದ ಮದುವೆ ಮನೆಯಲ್ಲೂ ಆರು ವರ್ಷದ ಹುಡುಗ ಸಂಜೆ ಐದಕ್ಕೆ ಹೀಗೇ ಇರುತ್ತಾನೆ. ಮಧ್ಯಾಹ್ನ ಒಂದು ಗಂಟೆ ಕೋಣೆಯ ಪರದೆ ಎಳೆದು ಮಲಗಿಸಿ, ನಿದ್ದೆ ಬರದಿದ್ದರೂ ಪರವಾಗಿಲ್ಲ.

ಹಾಗಂತ ಸಕ್ಕರೆಗೆ ನಾನು ಕ್ಲೀನ್ ಚಿಟ್ ಕೊಡುತ್ತಿಲ್ಲ. 100 ಗ್ರಾಂ ಮಿಲ್ಕ್ ಚಾಕೊಲೇಟ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ, ಅಂದರೆ 50 ಗ್ರಾಂ ದಾಟಿ ಸಕ್ಕರೆ ಇರುತ್ತದೆ, ಹನ್ನೆರಡು ಚಮಚ ಅನ್ನಿ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು, ದಿನದ ಒಟ್ಟು ಕ್ಯಾಲೊರಿಯಲ್ಲಿ ಹೀಗೆ ಸೇರಿಸಿದ ಸಕ್ಕರೆಯ ಪಾಲು 10 ಶೇಕಡಾಕ್ಕಿಂತ ಕಡಿಮೆ ಇರಬೇಕು, 5ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು. 2000 ಕ್ಯಾಲೊರಿ ತಿನ್ನುವ ದೊಡ್ಡವರಿಗೇ ಅದು 50 ಗ್ರಾಂ. ನಿಮ್ಮ ಮಗನಷ್ಟು ವಯಸ್ಸಿನವರಿಗೆ 25 ಗ್ರಾಂ ಒಳಗೆ ಇರಲಿ ಅನ್ನುವುದು ಅಮೆರಿಕದ ಹೃದಯ ಸಂಘದ ಸಲಹೆ. ಒಂದು ದೊಡ್ಡ ಟೊಳ್ಳು ಮೊಟ್ಟೆ ಪೂರ್ತಿ ತಿಂದರೆ ಎರಡು ದಿನದ ಪಾಲು ಮುಗಿಯಿತು. ವರ್ಷಕ್ಕೆ ಒಂದು ಭಾನುವಾರ ಆ ಲೆಕ್ಕ ತಪ್ಪಿದರೆ ಏನೂ ಆಗುವುದಿಲ್ಲ. ಬುಟ್ಟಿ ಮುಗಿಯುವ ತನಕ ಮೂರು ವಾರ ದಿನವೂ ತಪ್ಪಿದರೆ ಆಗುತ್ತದೆ.

ಹಾಗಾದರೆ ತರುವುದೇ ಬೇಡ ಅಂತೀರಾ? ನನಗೆ ಆ ದಾರಿ ಇಷ್ಟ ಇಲ್ಲ, ಕಾರಣ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಒಬ್ಬ ತಾಯಿ ನನ್ನ ಹತ್ತಿರ ಬಂದಿದ್ದರು, ಕೈಯಲ್ಲಿ ಒಂದು ದಿಂಬಿನ ಕವರ್. ಮೇಜಿನ ಮೇಲೆ ಅದನ್ನ ಬೋರಲು ಹಾಕಿದರು. ಚಿನ್ನದ ಬಣ್ಣದ, ನೀಲಿ, ಗುಲಾಬಿ ತೆಳು ಹಾಳೆಗಳು, ಒಂದೊಂದನ್ನೂ ಉಗುರಲ್ಲಿ ಸವರಿ ಸಪಾಟು ಮಾಡಿ ಮಡಿಸಿದ್ದು, ಮೂವತ್ತಕ್ಕಿಂತ ಜಾಸ್ತಿ. ಏಳು ವರ್ಷದ ಹುಡುಗ ಬೀರುವಿನ ಮೇಲಿಟ್ಟಿದ್ದ ಡಬ್ಬಿಗೆ ಸ್ಟೂಲ್ ಹಾಕಿ ಹತ್ತಿ ರಾತ್ರಿ ಹೊತ್ತು ತಿಂದು ಸದ್ದಾಗದ ಹಾಗೆ ಹಾಳೆ ಮಡಚಿ ದಿಂಬಿನೊಳಗೆ ಸೇರಿಸುತ್ತಿದ್ದ. ಅಮ್ಮನಿಗೆ ಸಿಟ್ಟು. ನನಗೆ ಕಂಡದ್ದು ಆ ಮಡಿಕೆಗಳು, ಎಷ್ಟು ಹೆದರಿಕೆಯಿಂದ ಮಡಿಸಿರಬೇಕು ಅಂತ.

ಇದು ಒಬ್ಬ ಹುಡುಗನ ಕಥೆ ಮಾತ್ರ ಅಲ್ಲ. 3ರಿಂದ 6 ವರ್ಷದ ಮಕ್ಕಳ ಕಣ್ಣೆದುರೇ ಒಂದು ತಿಂಡಿ ಇಟ್ಟು, ಮುಟ್ಟಬಾರದು ಅಂತ ತಡೆದು ನೋಡಿದ ಪ್ರಯೋಗದ ಫಲಿತಾಂಶ 1999ರಲ್ಲಿ ಬಂತು. ತಡೆದಷ್ಟೂ ಮಕ್ಕಳ ಗಮನ ಅದರ ಮೇಲೇ, ಮಾತೂ ಅದರದ್ದೇ. ಬೀಗ ಹಾಕಿದರೆ ಆಸೆ ಕಡಿಮೆ ಆಗುವುದಿಲ್ಲ, ಗುಟ್ಟಾಗುತ್ತದೆ ಅಷ್ಟೇ. ಹಾಗಂತ ಬುಟ್ಟಿಯನ್ನ ಅವನ ಕೈಗೇ ಕೊಟ್ಟು ಸುಮ್ನೆ ಕೂತರೆ ಹೋದ ವರ್ಷದ ರಾತ್ರಿ ಎರಡು ಗಂಟೆ ಮತ್ತೆ ಬರುತ್ತದೆ.

ನಾನು ಮನೆಗಳಿಗೆ ಹೇಳುವುದು ಹೀಗೆ. ಏನು, ಯಾವಾಗ, ಎಲ್ಲಿ ಅನ್ನುವುದು ದೊಡ್ಡವರ ಕೈಲಿರಲಿ. ಊಟದ ತಟ್ಟೆಯಲ್ಲಿ ಎಷ್ಟು ಅನ್ನುವುದು ಮಗುವಿನ ಹೊಟ್ಟೆಗೆ ಬಿಡಿ. ಈಸ್ಟರ್ ದಿನ ಸಿಕ್ಕ ಮೊಟ್ಟೆಗಳನ್ನೆಲ್ಲ ಅವನೇ ನೆಲದ ಮೇಲೆ ಹರಡಿ ಎಣಿಸಲಿ, ಊಟ ಆದ ಮೇಲೆ ಅವನೇ ಆರಿಸಿ ಮೇಜಿನ ಹತ್ತಿರ ಕೂತು ತಿನ್ನಲಿ. ಎರಡು ಬೇಕಾ ಮೂರಾ ಅಂತ ಚೌಕಾಸಿ ಮಾಡಬೇಡಿ, ಊಟ ಮಾಡಿದ ಹೊಟ್ಟೆ ತಾನೇ ಸಾಕು ಅನ್ನುತ್ತದೆ. ಉಳಿದದ್ದು ಅವನ ಹೆಸರು ಬರೆದ ಡಬ್ಬಿಯಲ್ಲಿ, ಅಡುಗೆಮನೆಯಲ್ಲಿ, ಕಣ್ಣಿಗೆ ಬೀಳದ ಆದರೆ ಅವನಿಗೆ ಗೊತ್ತಿರುವ ಜಾಗದಲ್ಲಿ. ಸೋಮವಾರದಿಂದ ದಿನಕ್ಕೆ ಒಂದು ಸಲ, ಊಟದ ಜೊತೆಗೆ ಒಂದು ಪುಟ್ಟ ಮೊಟ್ಟೆ. "ಪಲ್ಯ ತಿಂದರೆ ಚಾಕೊಲೇಟ್" ಅನ್ನುವ ಮಾತು ಮಾತ್ರ ಬೇಡ, ಪಲ್ಯ ಶಿಕ್ಷೆ ಆಗುತ್ತದೆ, ಚಾಕೊಲೇಟ್ ಕಿರೀಟ ಆಗುತ್ತದೆ. ಈ ಪದ್ಧತಿಗೂ ತೊಂದರೆ ಇಲ್ಲ ಅಂತಲ್ಲ, ಮೊದಲ ದಿನ ಅವನು ಜಾಸ್ತಿಯೇ ತಿನ್ನಬಹುದು, ನಿಮ್ಮ ಅತ್ತೆ "ಇದೇನಿದು ಸಲಿಗೆ" ಅನ್ನಬಹುದು. ಎರಡು ಮೂರು ಹಬ್ಬ ಕಳೆಯಬೇಕು. ಅಂದಹಾಗೆ, ಬರುವ ನೆಂಟರಿಗೆ ಮೊದಲೇ ಹೇಳಿ: ಒಂದು ಮೊಟ್ಟೆ ಸಾಕು, ಜೊತೆಗೆ ಚೆಂಡೋ ಬಣ್ಣದ ಪೆನ್ಸಿಲ್ಲೋ ತನ್ನಿ. ಬರುವುದನ್ನ ಕಡಿಮೆ ಮಾಡುವುದು, ಬಂದಮೇಲೆ ಕಿತ್ತುಕೊಳ್ಳುವುದಕ್ಕಿಂತ ಎಷ್ಟೋ ಸುಲಭ. ನಾಲ್ಕು ವರ್ಷಕ್ಕಿಂತ ಚಿಕ್ಕ ಮಕ್ಕಳು ಬರುವುದಾದರೆ ಗುಂಡಗಿನ ಗಟ್ಟಿ ಮಿಠಾಯಿ, ಇಡೀ ಬಾದಾಮಿ ಇರುವ ಪುಟ್ಟ ಮೊಟ್ಟೆ ಆಟದಲ್ಲಿ ಬೇಡವೇ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಊಟದ ಜೊತೆಗೇ ಯಾಕೆ ಅಂದರೆ, ಹಲ್ಲು. ಸಿಹಿ ಬಾಯಿಗೆ ಬಿದ್ದಾಗಲೆಲ್ಲ ಬ್ಯಾಕ್ಟೀರಿಯಾ ಅದನ್ನ ಆಮ್ಲ ಮಾಡುತ್ತವೆ, ಎಂಜಲು ಅದನ್ನ ತೊಳೆದು ಸರಿ ಮಾಡುವುದಕ್ಕೆ ಅರ್ಧ ಗಂಟೆಯೋ ಇನ್ನೂ ಜಾಸ್ತಿಯೋ ಬೇಕು. ಐದು ಮೊಟ್ಟೆ ಒಂದೇ ಸಲ ತಿಂದರೆ ಒಂದು ದಾಳಿ, ಒಂದೊಂದು ಗಂಟೆಗೆ ಒಂದರಂತೆ ತಿಂದರೆ ಐದು. 1940ರ ದಶಕದಲ್ಲಿ ಸ್ವೀಡನ್‌ನ ವಿಪೆಹೋಲ್ಮ್ ಅನ್ನುವಲ್ಲಿ ಬುದ್ಧಿಮಾಂದ್ಯರ ಸಂಸ್ಥೆಯೊಂದರಲ್ಲಿ ಅಲ್ಲಿದ್ದವರಿಗೆ ಅಂಟುವ ಟಾಫಿ ಊಟದ ಮಧ್ಯೆ ಮಧ್ಯೆ ಕೊಟ್ಟು ಹಲ್ಲು ಹಾಳಾಗುವುದನ್ನ ನೋಡಿದರು. ಇವತ್ತು ಯಾರೂ ಮಾಡಬಾರದ, ಮಾಡಲು ಬಿಡದ ಕ್ರೂರ ಪ್ರಯೋಗ ಅದು. ಆದರೂ ಹಲ್ಲಿನ ಡಾಕ್ಟರ್‌ಗಳು "ಎಷ್ಟು ಅನ್ನುವುದಕ್ಕಿಂತ ಎಷ್ಟು ಸಲ" ಅನ್ನುವುದು ಅಲ್ಲಿಂದ ಕಲಿತದ್ದೇ.

ಇನ್ನು ಡಾರ್ಕ್ ಮತ್ತು ಶುಗರ್‌ಫ್ರೀ. 70 ಶೇಕಡಾ ಡಾರ್ಕ್‌ನಲ್ಲಿ ಸಕ್ಕರೆ ಮಿಲ್ಕ್ ಚಾಕೊಲೇಟ್‌ಗಿಂತ ಸುಮಾರು ಅರ್ಧ, ಅದು ನಿಜ. ಆದರೆ ಕೊಬ್ಬು ಜಾಸ್ತಿ, ಹಾಗಾಗಿ ಕ್ಯಾಲೊರಿ ಕಡಿಮೆ ಇಲ್ಲ, ಒಂದು ಚೂರು ಜಾಸ್ತಿಯೇ. ಅದರ ಲಾಭ ಏನೆಂದರೆ ಕಹಿ, ಎರಡು ತುಂಡಿಗೆ ಬಾಯಿ ಸಾಕು ಅನ್ನುತ್ತದೆ. ಆರು ವರ್ಷದವನಿಗೆ ಅದನ್ನ ಆರೋಗ್ಯ ಅಂತ ಕೊಟ್ಟು ಹಬ್ಬ ಕೆಡಿಸಬೇಡಿ. ಶುಗರ್‌ಫ್ರೀ ಬಗ್ಗೆ ನನಗೆ ಇನ್ನೂ ಕಡಿಮೆ ಪ್ರೀತಿ. ಬಹಳಷ್ಟರಲ್ಲಿ ಸಕ್ಕರೆಯ ಬದಲು ಮಾಲ್ಟಿಟಾಲ್ ಅನ್ನುವ ಸಿಹಿಕಾರಕ ಹಾಕಿರುತ್ತಾರೆ. ಅದು ಕೂಡ ಶುಗರ್ ಏರಿಸುತ್ತದೆ, ಸಕ್ಕರೆಯಷ್ಟಲ್ಲ ಅಷ್ಟೇ, ಕೊಬ್ಬು ಎಲ್ಲಿಗೂ ಹೋಗಿರುವುದಿಲ್ಲ. ಜಾಸ್ತಿ ತಿಂದರೆ ಹೊಟ್ಟೆ ಉಬ್ಬರ, ಭೇದಿ. "ಇದು ನನ್ನದು, ನನಗೇನೂ ಆಗಲ್ಲ" ಅಂತ ಇಡೀ ಡಬ್ಬಿ ಮುಗಿಸಿ ಮಾರನೇ ದಿನ ಫೋನ್ ಮಾಡಿದವರು ನನ್ನ ಪಟ್ಟಿಯಲ್ಲಿ ಒಬ್ಬಿಬ್ಬರಲ್ಲ. ಅತ್ತೆಗೆ ಊಟದ ಕೊನೆಗೆ ಮಾಮೂಲಿ ಚಾಕೊಲೇಟ್‌ನ ಎರಡು ಸಣ್ಣ ತುಂಡು, ಎಲ್ಲರ ಜೊತೆ ಕೂತು. ಆ ದಿನ ಅನ್ನ ಅಷ್ಟು ಕಡಿಮೆ ಬಡಿಸಿ.

ಈಗ ನಿಮ್ಮ ಕಥೆ. 40 ದಿನ ಸಂಯಮ, ಒಂದು ದಿನ ಸೂರೆ, ಮಾರನೇ ದಿನ ಬರೀ ನಿಂಬೆ ನೀರು. ಸೋಮವಾರ ತೂಕದ ಯಂತ್ರ ಒಂದೂವರೆ ಕಿಲೋ ಜಾಸ್ತಿ ತೋರಿಸುತ್ತದೆ, ಅಲ್ವಾ? ಒಂದು ಕಿಲೋ ಕೊಬ್ಬು ಮೈಗೆ ಹತ್ತಬೇಕಾದರೆ ದಿನದ ಅಗತ್ಯಕ್ಕಿಂತ ಮೇಲೆ ಸುಮಾರು 7,700 ಕ್ಯಾಲೊರಿ ತಿನ್ನಬೇಕು, ನೀವೆಷ್ಟೇ ತಿಂದರೂ ಒಂದು ಊಟದಲ್ಲಿ ಆಗುವ ಮಾತಲ್ಲ. ಅದು ಉಪ್ಪು ಹಿಡಿದಿಟ್ಟ ನೀರು, ಹೊಟ್ಟೆಯಲ್ಲೇ ಇರುವ ಊಟ, ಮತ್ತೆ ಪಿಷ್ಟ ತಿಂದಾಗ ದೇಹ ಕೂಡಿಡುವ ಗ್ಲೈಕೋಜನ್ ಅನ್ನುವ ಸಕ್ಕರೆಯ ದಾಸ್ತಾನು. ಆ ಗ್ಲೈಕೋಜನ್ ಒಂದು ಗ್ರಾಂಗೆ ಸುಮಾರು ಮೂರು ಗ್ರಾಂ ನೀರು ಜೊತೆಗೆ ಎಳೆದುಕೊಳ್ಳುತ್ತದೆ. ಮೂರು ನಾಲ್ಕು ದಿನ ಮಾಮೂಲಿ ಊಟ ಮಾಡಿದರೆ ತಾನೇ ಇಳಿಯುತ್ತದೆ. ಡಿಟಾಕ್ಸ್ ಜ್ಯೂಸ್ ಬೇಕಾಗಿಲ್ಲ, ಲಿವರ್ ಮತ್ತು ಕಿಡ್ನಿ ಇರುವುದೇ ಅದಕ್ಕೆ. ಸೋಮವಾರ ಉಪವಾಸ ಬಿದ್ದರೆ ಸಂಜೆ ಆರಕ್ಕೆ ಫ್ರಿಜ್ ಮುಂದೆ ನಿಲ್ಲುವವರು ನೀವೇ.

ಒಂದು ವಿಷಯ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರಬಹುದು. ಉಪವಾಸ ಶುರುವಾಗುವ ಬೂದಿ ಬುಧವಾರದಿಂದ ಎಣಿಸಿದರೆ ಈಸ್ಟರ್‌ಗೆ 46 ದಿನ, ನಡುವಿನ ಆರು ಭಾನುವಾರ ಬಿಟ್ಟರೆ 40. ಅಂದರೆ ಸಂಪ್ರದಾಯವೇ ವಾರಕ್ಕೊಂದು ದಿನ ಉಸಿರಾಡಲು ಬಿಟ್ಟಿದೆ. ಈಸ್ಟರ್ ಕೂಡ ಒಂದು ಭಾನುವಾರಕ್ಕೆ ಮುಗಿಯುವುದಿಲ್ಲ, ಪೆಂತೆಕೋಸ್ತ್ ಹಬ್ಬದ ತನಕ 50 ದಿನದ ಕಾಲ. ಇಷ್ಟದ ಅಡುಗೆಗಳನ್ನ ಆ ವಾರಗಳಿಗೆ ಹಂಚಿ, ಎಲ್ಲ ಒಂದೇ ಮಧ್ಯಾಹ್ನಕ್ಕೆ ಯಾಕೆ? ನನ್ನ ಪ್ರಕಾರ ನಿಮ್ಮನ್ನ ಕೆಡಿಸುತ್ತಿರುವುದು ಆ ಭಾನುವಾರ ಅಲ್ಲ, "ಇವತ್ತು ಬಿಟ್ಟರೆ ಇಲ್ಲ" ಅನ್ನುವ ಲೆಕ್ಕ. ಅತ್ತೆ ತಿಂಡಿ ಬಿಟ್ಟದ್ದೂ ಅದೇ ಲೆಕ್ಕ, ಮಗ ಬುಟ್ಟಿ ಖಾಲಿ ಮಾಡಿದ್ದೂ ಅದೇ. ಶನಿವಾರ ರಾತ್ರಿ ಹೊಟ್ಟೆ ತುಂಬ ಸಾದಾ ಊಟ ಮಾಡಿ ಮಲಗಿ. ತುಂಬ ದಿನ ಎಣ್ಣೆ ಮಾಂಸ ಬಿಟ್ಟವರು ಒಮ್ಮೆಲೇ ಜಿಡ್ಡಿನ ಊಟ ಮಾಡಿ ಬಲಪಕ್ಕೆಯಲ್ಲಿ ಜೋರು ನೋವು ಬಂದರೆ ಗ್ಯಾಸ್ ಅಂತ ಸುಮ್ಮನಿರಬೇಡಿ, ಪಿತ್ತಕೋಶದ ಕಲ್ಲು ಇದ್ದೀತು, ತೋರಿಸಿ.

ಮಗಳ ವಿಷಯ ನಿಜಕ್ಕೂ ನನ್ನನ್ನ ಯೋಚನೆಗೆ ಹಚ್ಚಿತು. 13ರ ಆಸುಪಾಸಿನಲ್ಲಿ ಮೈ ತುಂಬಿಕೊಳ್ಳುವುದು ಬೆಳವಣಿಗೆ, ಕೆಲವರು ಮೊದಲು ಅಗಲ ಆಗಿ ಆಮೇಲೆ ಉದ್ದ ಆಗುತ್ತಾರೆ. ನಾದಿನಿಗೆ ಹಬ್ಬಕ್ಕೆ ಮುಂಚೆಯೇ ಫೋನ್ ಮಾಡಿ ಹೇಳಿ, ಜಗಳದ ದನಿಯಲ್ಲಿ ಬೇಡ: "ಅವಳ ಮೈ ಬಗ್ಗೆ ಯಾರೂ ಮಾತಾಡೋದು ಬೇಡ ಅಂದುಕೊಂಡಿದ್ದೀವಿ ಕಣ್ರೀ, ಸಣ್ಣ ಆಗಿದ್ದೀಯ ಅಂತಲೂ ಬೇಡ." ಹೊಗಳಿಕೆಯೂ ಅಳತೆಯೇ ಅಲ್ವಾ. ಆಮೇಲೆ ನೀವೂ ಅವಳೆದುರು "ಅಯ್ಯೋ, ಎಷ್ಟು ತಿಂದುಬಿಟ್ಟೆ" ಅನ್ನುವುದನ್ನ ನಿಲ್ಲಿಸಬೇಕು. ಇದು ನಾದಿನಿಗೆ ಫೋನ್ ಮಾಡುವುದಕ್ಕಿಂತ ಕಷ್ಟ. ಅವಳನ್ನ ತಿನ್ನು ಅಂತ ಒತ್ತಾಯ ಮಾಡಬೇಡಿ, ತಟ್ಟೆ ಇಡಿ, ಪಕ್ಕ ಕೂರಿಸಿಕೊಳ್ಳಿ, ಬೇರೆ ಮಾತಾಡಿ. ಆದರೆ ಗಮನ ಇರಲಿ: ಊಟ ಆದ ತಕ್ಷಣ ಬಾತ್‌ರೂಮ್‌ಗೆ ಹೋಗಿ ನಲ್ಲಿ ಬಿಟ್ಟುಕೊಳ್ಳುವುದು, ಎಲ್ಲರಿಗೂ ಅಡುಗೆ ಮಾಡಿ ತಾನು ತಿನ್ನದಿರುವುದು, ತೂಕ ಇಳಿಯುವುದು, ಮುಟ್ಟು ನಿಲ್ಲುವುದು, ತಲೆಸುತ್ತು. ಇದರಲ್ಲಿ ಯಾವುದು ಕಂಡರೂ ಹಬ್ಬ ಮುಗಿಯಲಿ ಅಂತ ಕಾಯದೆ ಡಾಕ್ಟರ್‌ಗೆ ತೋರಿಸಿ. ಬೇಗ ಹಿಡಿದರೆ ಗುಣ ಆಗುವುದು ಸುಲಭ.

ಬೇಯಿಸಿದ ಮೊಟ್ಟೆ: ಹೊರಗೆ ಎರಡು ಗಂಟೆ, ಅದಕ್ಕಿಂತ ಜಾಸ್ತಿ ಬೇಡ. ಬಿಸಿಲು ಜೋರಾಗಿದ್ದರೆ ಒಂದೇ ಗಂಟೆ. ಫ್ರಿಜ್‌ನಲ್ಲಿ ಸಿಪ್ಪೆ ಸಮೇತ ಒಂದು ವಾರ ಇಡಬಹುದು. ಬಣ್ಣ ತಿನ್ನುವ ಬಣ್ಣವೇ ಇರಲಿ, ಬಿರುಕು ಬಿಟ್ಟದ್ದನ್ನ ಬಣ್ಣಕ್ಕೆ ಅದ್ದಬೇಡಿ. ಅಲಂಕಾರಕ್ಕೆ ಒಂದು ಬುಟ್ಟಿ, ತಿನ್ನುವುದಕ್ಕೆ ಬೇರೆ ಬುಟ್ಟಿ ಮಾಡಿದರೆ ಗಡಿಯಾರ ನೋಡುವ ಕೆಲಸವೇ ಇಲ್ಲ. ಹಳದಿಯ ಸುತ್ತ ಹಸಿರು ಉಂಗುರ ಕಂಡರೆ ಕೆಟ್ಟಿದೆ ಅಂತಲ್ಲ, ಜಾಸ್ತಿ ಬೆಂದಿದೆ ಅಷ್ಟೇ. ಹಿಂದಿನ ಕಾಲದಲ್ಲಿ ಉಪವಾಸದ ದಿನಗಳಲ್ಲಿ ಮೊಟ್ಟೆ ನಿಷಿದ್ಧ ಇತ್ತು, ಕೋಳಿಗಳಿಗೆ ಅದು ಗೊತ್ತಿರಲಿಲ್ಲ, ಇಡುತ್ತಲೇ ಇದ್ದವು. ಹಾಗೆ ಕೂಡಿಬಿದ್ದ ಮೊಟ್ಟೆಗಳು ಈಸ್ಟರ್ ಮೇಜಿಗೆ ಬಂದವು. ಅದೂ ಒಳ್ಳೆಯ ಊಟವೇ, ಒಂದರಲ್ಲಿ ಆರು ಗ್ರಾಂ ಪ್ರೋಟೀನ್. ಮಗನ ಬೆಳಗಿನ ತಿಂಡಿಗೆ ಒಂದು ಇದ್ದರೆ ಅರ್ಧ ಗಲಾಟೆ ಅಲ್ಲೇ ಕಡಿಮೆ.

ಕೊನೆಗೆ ನಾಯಿ. ಚಾಕೊಲೇಟ್‌ನಲ್ಲಿರುವ ಥಿಯೋಬ್ರೋಮಿನ್ ನಮಗೆ ಸಲೀಸಾಗಿ ಅರಗುತ್ತದೆ, ನಾಯಿಗೆ ಬಹಳ ನಿಧಾನ, ವಿಷ ಆಗುತ್ತದೆ. ಚಾಕೊಲೇಟ್ ಗಾಢ ಆದಷ್ಟೂ ಅಪಾಯ ಜಾಸ್ತಿ, ಕೆಲವು ಶುಗರ್‌ಫ್ರೀ ತಿಂಡಿಗಳಲ್ಲಿರುವ ಕ್ಸೈಲಿಟಾಲ್ ಅನ್ನುವ ಸಿಹಿಕಾರಕ ಇನ್ನೂ ಕೆಟ್ಟದ್ದು. ತಿಂದದ್ದು ಗೊತ್ತಾದ ಕೂಡಲೇ ಪಶುವೈದ್ಯರಿಗೆ ಫೋನ್ ಮಾಡಿ, ಲಕ್ಷಣ ಕಾಣುವ ತನಕ ಕಾಯಬೇಡಿ. ಆದ್ದರಿಂದ ಮೊಟ್ಟೆ ಬಚ್ಚಿಡುವಾಗ ಎಷ್ಟು, ಎಲ್ಲೆಲ್ಲಿ ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ, ಆಟ ಮುಗಿದ ಮೇಲೆ ಮಗನಿಂದಲೇ ಲೆಕ್ಕ ಒಪ್ಪಿಸಿಕೊಳ್ಳಿ. 20 ಬಚ್ಚಿಟ್ಟು 19 ಸಿಕ್ಕಿದರೆ, ಆ ಒಂದು ಸಿಗುವ ತನಕ ನಾಯಿಯನ್ನ ಬಿಡಬೇಡಿ.